ಗರಿಗಳ ಭಾನುವಾರದ ಕಿಟಕಿಗಳು

ಡೊಂಬಿವಲಿ ಎಂಐಡಿಸಿ
೨೭ ಏಪ್ರಿಲ್ ೨೦೨೧, ಮಂಗಳವಾರ

ಪ್ರೀತಿಯ ಐರಿನ್,

ಎಲ್ಲಕ್ಕಿಂತ ಮೊದಲು ಒಂದು ಮಾತು. ನಿನ್ನ ಅಮ್ಮ ಬದುಕಿದ್ದಾರೆ, ಚೇತರಿಸಿಕೊಳ್ಳುತ್ತಿದ್ದಾರೆ. ನಾನಿದನ್ನು ಬರೆಯುತ್ತಿರುವಾಗ ನಮ್ಮ ಮನೆಯ ಹೊರಕೋಣೆಯಲ್ಲಿ ದಿವಾನದ ಮೇಲೆ ಕೂತು, ಗಂಜಿಗೆ ಉಪ್ಪು ಸಾಲದೆಂದು ನನ್ನ ಗಂಡನನ್ನು ಬೈಯುತ್ತಿದ್ದಾರೆ. ಆಕ್ಸಿಜನ್ ಅಳೆಯಲು ಬೆರಳಿಗೆ ಸಿಕ್ಕಿಸುವ ಮೆಷಿನ್ ಈಗಷ್ಟೇ ತೊಂಬತ್ತಾರು ತೋರಿಸಿತು. ಮುಂದಿನದನ್ನು ಓದುವಾಗ ಎಲ್ಲಾದರೂ ಎದೆ ಹಾರಿದರೆ ಮತ್ತೆ ಇಲ್ಲಿಗೆ ಬಂದು ಈ ನಾಲ್ಕು ಸಾಲು ಓದಿಕೋ.

ಮೂರು ವಾರ ನಾನು ನಿನಗೆ ಸುಳ್ಳು ಹೇಳಿದ್ದೇನೆ. ಅಮ್ಮನ ಮೊಬೈಲ್ ನೀರಿಗೆ ಬಿದ್ದಿರಲಿಲ್ಲ. ರಿಪೇರಿ ಅಂಗಡಿಗಳು ಮುಚ್ಚಿದ್ದು ನಿಜ, ಬಿಲ್ಡಿಂಗ್ ಸೀಲ್ ಮಾಡಿದ್ದೂ ನಿಜ, ಆದರೆ ಆ ಎರಡು ನಿಜಗಳನ್ನು ಸೇರಿಸಿ ನಾನು ಮಾಡಿದ ಕಥೆ ಶುದ್ಧ ಸುಳ್ಳು. ಕಳೆದ ಗುರುವಾರ ನೀನು ಫೋನಿನಲ್ಲಿ, "ರತ್ನಾ, ನೀನು ಅಲ್ಲಿರುವಾಗ ನನಗೆ ಎಂತ ಹೆದರಿಕೆ?" ಅಂದೆಯಲ್ಲ, ಅವತ್ತೇ ಈ ಕಾಗದ ಬರೆಯಬೇಕೆಂದು ನಿಶ್ಚಯಿಸಿದೆ. ಫೋನಿನಲ್ಲಿ ಹೇಳಲಾರೆ. ನೀನು ಅತ್ತರೆ ನಾನು ಮತ್ತೆ ಸುಳ್ಳಿಗೆ ಹೋಗುತ್ತೇನೆ. ಕಾಗದಕ್ಕೆ ನಿನ್ನ ಅಳು ಕೇಳಿಸುವುದಿಲ್ಲ.

ಕಳೆದ ದೀಪಾವಳಿಯ ಪಾಡ್ಯದ ದಿನ ದೇವಸ್ಥಾನ, ಚರ್ಚುಗಳನ್ನು ಮತ್ತೆ ತೆರೆಯಲು ಬಿಟ್ಟರು. ಮರುದಿನವೇ ನಿನ್ನ ಅಮ್ಮ, ನಮ್ಮ ಸೆವ್ರಿನ್ ಬಾಯಿ, ನನ್ನ ಕೈ ಹಿಡಿದುಕೊಂಡು ತಮ್ಮ ಇಗರ್ಜಿಯ ಫಾದರ್ ಬೊನವೆಂಚರ್ ಹತ್ತಿರ ಕರೆದೊಯ್ದರು. ಕೈ ಹಿಡಿಯಬಾರದು ಎಂದು ನಾನು ಹೇಳುತ್ತಲೇ ಇದ್ದೆ. "ಹೆರಿಗೆ ವಾರ್ಡಿನಲ್ಲಿ ಡಾಕ್ಟರನ್ನೇ ಕೈ ತೊಳೆದು ಬನ್ನಿ ಅಂತ ವಾಪಸು ಕಳಿಸಿದವಳು ಇವಳು. ನಮ್ಮ ಪೂಜೆಯ ಜವಾಬ್ದಾರಿ ಇವಳಿಗೆ ಕೊಡಿ ಫಾದರ್" ಅಂದರು. ನಾನು ಹಿಂದೂ, ಸೊಂಟ ನೋವೆಂದು ಎರಡು ವರ್ಷದ ಹಿಂದೆಯೇ ನರ್ಸ್ ಕೆಲಸ ಬಿಟ್ಟವಳು, ನಿಮ್ಮ ಪೂಜೆಯಲ್ಲಿ ಯಾವಾಗ ಏಳಬೇಕು ಯಾವಾಗ ಕೂರಬೇಕು ಎನ್ನುವುದೂ ತಿಳಿಯದವಳು. ಆದರೆ ನಿನ್ನ ಅಮ್ಮನಿಗೆ ಇಲ್ಲ ಎನ್ನುವುದು ನನಗೆ ಬಂದದ್ದೇ ಇಲ್ಲ. ಹತ್ತೊಂಬತ್ತನೇ ವಯಸ್ಸಿನಲ್ಲಿ ನನ್ನನ್ನು ಊರು ಶಿರ್ವದಿಂದ ಕರೆಸಿ, ತಮ್ಮ ಅಡುಗೆಮನೆಯಲ್ಲೇ ಹಾಸಿಗೆ ಹಾಸಿಕೊಟ್ಟು ನರ್ಸಿಂಗ್ ಓದಿಸಿದವರಿಗೆ ಹೇಗೆ ಇಲ್ಲ ಎನ್ನಲಿ?

ಫಾದರ್ ವಸಾಯಿ ಕಡೆಯವರು, ಇನ್ನೂ ನಲವತ್ತಾಗಿಲ್ಲ. ನನಗಿಂತ ಅವರೇ ಹೆಚ್ಚು ಹೆದರಿದ್ದರು. ಮರಾಠಿ, ಹಿಂದಿ ಬೆರೆಸಿ ಹೇಳಿದ್ದು ಇಷ್ಟು: ಮಾರ್ಚಿನಿಂದ ಹನ್ನೊಂದು ಜನರನ್ನು ದೂರ ನಿಂತು ಮಣ್ಣಿಗೆ ಕಳಿಸಿದ್ದೇನೆ, ನನ್ನ ಪೂಜೆಗೆ ಬಂದು ಒಬ್ಬರು ಕಾಯಿಲೆ ಬಿದ್ದರೂ ಆಮೇಲೆ ಈ ಕೈಯಲ್ಲಿ ಪ್ರಸಾದ ಎತ್ತಲಾರೆ.

ಹಾಗಾಗಿ ನಾನು ಒಪ್ಪಿದೆ. ಒಂದು ಬೆಂಚು ಬಿಟ್ಟು ಒಂದಕ್ಕೆ ಹಳದಿ ಟೇಪು ಹಚ್ಚಿಸಿದೆ. ಬಾಗಿಲ ಬಳಿಯ ಪವಿತ್ರ ನೀರಿನ ಬೋಗುಣಿಯನ್ನು ಖಾಲಿ ಮಾಡಿಸುವಾಗ ಒಬ್ಬಳು ಅಜ್ಜಿ ಅತ್ತಳು, ನಾನು ಬೇರೆ ಕಡೆ ನೋಡಿದೆ. ಒಂದು ಪೂಜೆಗೆ ಐವತ್ತೇ ಜನ, ಅರ್ಧ ಗಂಟೆ ಮಾತ್ರ. ಹೆಸರು, ಫೋನ್ ನಂಬರ್ ಬರೆಯದೆ ಯಾರೂ ಒಳಗಿಲ್ಲ. ಪರಮಪ್ರಸಾದ ಕೈಗೆ, ಅದನ್ನೂ ಪಕ್ಕಕ್ಕೆ ಸರಿದು ನಿಂತು ಮಾಸ್ಕ್ ಇಳಿಸಿ ತಿನ್ನಬೇಕು. ಹಾಡು ಬೇಡವೇ ಬೇಡ ಎಂದೆ. ಹಾಡಿಲ್ಲದೆ ಹೇಗೆ ಎಂದು ಫಾದರ್ ಬಹಳ ಕೇಳಿದ್ದಕ್ಕೆ ಒಬ್ಬನೇ ಹಾಡಲಿ, ಎಡಗಡೆಯ ಕಿಟಕಿಯ ಹತ್ತಿರ, ಯಾರಿಂದಲೂ ಹತ್ತು ಅಡಿ ದೂರ ನಿಂತು ಎಂದು ಒಪ್ಪಿಕೊಂಡೆ. ಆ ಒಬ್ಬ ಆಗ್ನೆಲ್. ನಿನಗೆ ಗೊತ್ತಿರಲಿಕ್ಕಿಲ್ಲ, ಇಲ್ಲೇ ಬಣ್ಣದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಎಲ್ಲಕ್ಕಿಂತ ಮುಖ್ಯವಾಗಿ ಹತ್ತೂ ಕಿಟಕಿಗಳು ಪೂರ್ತಿ ತೆರೆದಿರಬೇಕು. ಇದರಲ್ಲಿ ಮಾತ್ರ ಯಾರ ಮಾತೂ ಕೇಳುವುದಿಲ್ಲ ಎಂದು ಫಾದರ್‌ಗೇ ಹೇಳಿದ್ದೆ.

ನಾಲ್ಕು ತಿಂಗಳು ಒಬ್ಬರಿಗೂ ಏನೂ ಆಗಲಿಲ್ಲ. ಐರಿನ್, ನನಗೆ ಸೊಕ್ಕು ಬಂತು. ಪಕ್ಕದ ಇಗರ್ಜಿಯವರು ನೋಡಿ ಕಲಿಯಲು ಬಂದರು. ನಾನು ಕೈ ಹಿಂದೆ ಕಟ್ಟಿಕೊಂಡು ಬೆಂಚುಗಳ ನಡುವೆ ಓಡಾಡುತ್ತಿದ್ದೆ, ಹಳೆಯ ಮೇಟ್ರನ್ ಹಾಗೆ.

ಈಸ್ಟರಿಗೆ ಮೊದಲು ನೀವು ತಾಳೆಗರಿ ಹಿಡಿದು ಬರುವ ಗರಿಗಳ ಭಾನುವಾರ, ಮಾರ್ಚ್ ಇಪ್ಪತ್ತೆಂಟು. ಊರಿನಲ್ಲಿ ಕೇಸುಗಳು ಮತ್ತೆ ಏರುತ್ತಿದ್ದವು. ಗರಿಗಳನ್ನು ಹಂಚಬಾರದು, ಅವರವರ ಗರಿ ಅವರವರೇ ತರಬೇಕು ಎಂದಿದ್ದೆವು. ನಿನ್ನ ಅಮ್ಮ ಎಡಗಡೆ ಮೂರನೇ ಬೆಂಚಿನಲ್ಲಿದ್ದರು. ಪೂಜೆ ಶುರುವಾಗಿ ಐದು ನಿಮಿಷವಾಗಿರಬೇಕು, ಗಾಳಿ ತಿರುಗಿ ಯಾವುದೋ ಕಾರ್ಖಾನೆಯ ಗ್ಯಾಸ್ ಒಳಗೆ ಬಂತು. ನೀನು ಇಲ್ಲಿಗೆ ಬಂದಾಗಲೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದೆಯಲ್ಲ, ಅದೇ ಕೊಳೆತ ಮೊಟ್ಟೆಯ ವಾಸನೆ, ಅವತ್ತು ಇನ್ನೂ ದಟ್ಟವಾಗಿತ್ತು. ಅಮ್ಮನಿಗೆ ಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಆಗಿನ ಕಾಲ ನೆನಪಿಸಿಕೋ. ಕೆಮ್ಮಿದವರನ್ನು ಜನ ನೋಡುತ್ತಿದ್ದ ನೋಟ. ಮುಂದಿನ ಬೆಂಚಿನವರು ಎದ್ದು ಆಚೆ ಹೋದರು. ಹಿಂದಿನವರು ಗರಿಯನ್ನೇ ಮುಖಕ್ಕೆ ಅಡ್ಡ ಹಿಡಿದರು. ಅಷ್ಟು ವರ್ಷ ಆ ಇಗರ್ಜಿಯ ಕಸ ಗುಡಿಸಿ ಹೂವಿಟ್ಟ ಹೆಂಗಸು ತಲೆ ತಗ್ಗಿಸಿ, ಸೀರೆಯ ಸೆರಗನ್ನು ಮಾಸ್ಕಿನ ಮೇಲೆ ಒತ್ತಿಕೊಂಡು ನಡುಗುತ್ತಿದ್ದರು.

ನನಗೆ ನೋಡಲಾಗಲಿಲ್ಲ. ಹೋಗಿ ಎಡಗಡೆಯ ಐದು ಕಿಟಕಿಗಳನ್ನೂ ಮುಚ್ಚಿದೆ.

ಅವರನ್ನು ಹೊರಗೆ ಕರೆದೊಯ್ಯಬಹುದಿತ್ತು. ಪೂಜೆ ನಿಲ್ಲಿಸಿ ಎನ್ನಬಹುದಿತ್ತು. ಈಗ ಎಲ್ಲ ಹೊಳೆಯುತ್ತದೆ. ಆಗ್ನೆಲ್ ಹಾಡುವಾಗ ಮಾಸ್ಕ್ ಇಳಿಸುತ್ತಿದ್ದ, ಆ ಕಿಟಕಿಗಳು ತೆರೆದಿರುತ್ತವೆ ಎಂಬ ಧೈರ್ಯದ ಮೇಲೆ ನಾನೇ ಅದಕ್ಕೆ ಒಪ್ಪಿದ್ದೆ. ಅವತ್ತಿನದು ಉದ್ದದ ಪೂಜೆ, ಮುಗಿಯಲು ಮುಕ್ಕಾಲು ಗಂಟೆಯಾಯಿತು. ಅವನು ನಾಲ್ಕು ಹಾಡು ಹಾಡಿದ.

ಬುಧವಾರ ಬೆಳಿಗ್ಗೆ ಆಗ್ನೆಲ್ ಫೋನ್ ಮಾಡಿದ. "ಆಂಟಿ, ಪಾಸಿಟಿವ್ ಬಂದಿದೆ. ಭಾನುವಾರ ನನಗೆ ಏನೂ ಇರಲಿಲ್ಲ, ದೇವರಾಣೆ" ಎಂದ. ಅವನ ದನಿ ಕೇಳುವಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಐದು ಕಿಟಕಿಗಳ ಚಿಲಕ. ಫಾದರ್‌ಗೆ ತಿಳಿಸಿದೆ. ಅವರು ಪವಿತ್ರ ವಾರದ ಎಲ್ಲ ಪೂಜೆಗಳನ್ನು ರದ್ದು ಮಾಡಿ ಬಾಗಿಲು ಮುಚ್ಚಿಸಿದರು. ರಿಜಿಸ್ಟರಿನ ನಲವತ್ತಮೂರು ಹೆಸರಿಗೂ ನಾನೇ ಫೋನ್ ಮಾಡಿದೆ. ಒಬ್ಬರು ಗೇಟಿನ ಹತ್ತಿರ ನಿಂತು, "ಹಮಾರಾ ಚರ್ಚ್ ಬಂದ್ ಕರ್ನೇವಾಲಿ ಯೇ ಕೌನ್?", ನಮ್ಮ ಚರ್ಚು ಮುಚ್ಚಿಸಲು ಇವಳು ಯಾರು, ಎಂದು ಕೂಗಿದರು. ಮುಚ್ಚಿಸಿದ್ದು ತಾನು, ಆಕೆಯಲ್ಲ ಎಂದು ಫಾದರ್ ಜೋರಾಗಿಯೇ ಉತ್ತರ ಕೊಟ್ಟರಂತೆ. ನನ್ನ ಪರವಾಗಿ ಅವರು ಹಾಗೆ ನಿಂತಾಗಲೂ ಕಿಟಕಿಯ ವಿಷಯ ನಾನು ಬಾಯಿ ಬಿಡಲಿಲ್ಲ.

ಶುಭ ಶುಕ್ರವಾರ ಅಮ್ಮನಿಗೆ ಜ್ವರ ಬಂತು. ಲಸಿಕೆಯ ಮೊದಲ ಡೋಸ್ ಹಾಕಿಸಿ ಎರಡೇ ವಾರವಾಗಿತ್ತು. "ಐರಿನ್‌ಗೆ ಹೇಳ್ಬೇಡ. ಅವಳಿಗೆ ಶುಗರ್ ಉಂಟು, ಕೇಳಿದ ಕೂಡಲೇ ರೈಲು ಹತ್ತುತ್ತಾಳೆ. ನನ್ನ ಮೇಲೆ ಆಣೆ" ಎಂದರು. ಈಸ್ಟರ್ ದಿನ ನೀನು ಫೋನ್ ಮಾಡಿದಾಗ ಅವರು ತಮ್ಮ ಬಾಗಿಲ ಒಳಗೆ, ನಾನು ಹೊರಗೆ ಪ್ಯಾಸೇಜಿನಲ್ಲಿ ನಿಂತಿದ್ದೆ. ನಾಲ್ಕು ದಿನ ಉಪವಾಸ ಮಾಡಿ ಗಂಟಲು ಕಟ್ಟಿದೆ ಎಂದು ಅವರು ನಿನಗೆ ಹೇಳಿದ್ದು ಕೇಳಿಸಿತು. ಫೋನ್ ಇಟ್ಟ ಮೇಲೆ ಗೋಡೆ ಹಿಡಿದು ಕುಸಿದು ಕೂತದ್ದೂ ಕೇಳಿಸಿತು.

ಏಪ್ರಿಲ್ ಏಳರ ಬೆಳಿಗ್ಗೆ ಮೆಷಿನ್ ತೊಂಬತ್ತೊಂದು ತೋರಿಸಿತು, ಮಧ್ಯಾಹ್ನ ಎಂಬತ್ತೇಳು. ಮೂವತ್ತು ವರ್ಷ ಆಸ್ಪತ್ರೆಯಲ್ಲಿದ್ದವಳು ನಾನು, ಆ ಅಂಕಿ ನೋಡಿದ್ದೇ ಮೆಟ್ಟಿಲ ಮೇಲೆ ಕೂತು ಬೆಡ್‌ಗಾಗಿ ಫೋನ್ ಮಾಡತೊಡಗಿದೆ. ಡೊಂಬಿವಲಿ, ಕಲ್ಯಾಣ, ಠಾಣೆ, ಎಲ್ಲಿ ಕೇಳಿದರೂ ಬೆಡ್ ಇಲ್ಲ. ನನ್ನೊಂದಿಗೆ ಕೆಲಸ ಮಾಡಿದವರೇ ಫೋನ್ ಎತ್ತಿ ಅಳುತ್ತಿದ್ದರು. ಕೊನೆಗೆ ನನ್ನ ಗಂಡ ವಸಂತಕುಮಾರರ ಹೋಟೆಲಿನಿಂದ ಊಟದ ಪೊಟ್ಟಣ ಹೋಗುತ್ತಿದ್ದ ವಾಶಿ ಕಡೆಯ ತಾತ್ಕಾಲಿಕ ಕೋವಿಡ್ ಸೆಂಟರಿನಲ್ಲಿ ಒಂದು ಬೆಡ್ ಖಾಲಿಯಾಗಿದೆ ಎಂದು ತಿಳಿಯಿತು. ಖಾಲಿಯಾಗಿದೆ ಎಂದರೆ ಏನರ್ಥ ಎಂದು ನಾವಿಬ್ಬರೂ ಕೇಳಿಕೊಳ್ಳಲಿಲ್ಲ.

ಆಂಬುಲೆನ್ಸ್ ಶೀಲ್‌ಫಾಟಾದ ಟ್ರಾಫಿಕ್ಕಿನಲ್ಲಿ ಇಪ್ಪತ್ತು ನಿಮಿಷ ನಿಂತಿತು. ಅಮ್ಮ ಮಾಸ್ಕಿನೊಳಗಿಂದ ಜಪಸರದ ಪ್ರಾರ್ಥನೆ ಹೇಳುತ್ತಿದ್ದರು. ನಡುವೆ ಉಸಿರು ಸಿಗದೆ ನಿಂತಾಗಲೆಲ್ಲ ಮುಂದಿನ ಪದ ನಾನು ಹೇಳಿಕೊಟ್ಟೆ. ಅವರ ಅಡುಗೆಮನೆಯಲ್ಲಿ ಮಲಗಿದ ಮೂರು ವರ್ಷದಲ್ಲಿ ಕೇಳಿ ಕೇಳಿ ಬಾಯಿಗೆ ಬಂದದ್ದು. ಸೆಂಟರಿನ ಬಾಗಿಲಲ್ಲಿ ಅವರನ್ನು ಗಾಲಿ ಕುರ್ಚಿಯಲ್ಲಿ ಕೂರಿಸಿ ಒಳಗೆ ಒಯ್ದರು. ಪ್ಲಾಸ್ಟಿಕ್ ಪರದೆ ಬಿತ್ತು. ಆಮೇಲೆ ಹನ್ನೆರಡು ದಿನ ನಾನು ಅವರನ್ನು ನೋಡಲಿಲ್ಲ.

ಆ ಹನ್ನೆರಡು ದಿನ ನೀನು ಫೋನ್ ಮಾಡುತ್ತಿದ್ದೆ, ನಾನು ನಗುತ್ತಾ ಮಾತಾಡುತ್ತಿದ್ದೆ. ಫೋನ್ ರಿಂಗಾದರೆ ಮೊದಲು ಹೆಸರು ನೋಡುತ್ತಿದ್ದೆ. ನಿನ್ನದಾದರೆ ಸುಳ್ಳು ಹೇಳಬೇಕು, ಸೆಂಟರಿನದಾದರೆ ಏನು ಕೇಳಬೇಕೋ ಗೊತ್ತಿಲ್ಲ. ನಮ್ಮ ತುಳುನಾಡಿನ ಹೊಸ ವರ್ಷ, ಬಿಸು ಹಬ್ಬದ ಬೆಳಿಗ್ಗೆ ರಿಂಗಾಯಿತು. ಫಾದರ್. "ಆಗ್ನೆಲ್ ಗಯಾ", ಹೋದ, ಎಂದಷ್ಟೇ ಹೇಳಿದರು. ಅವನಿಗೆ ನಲವತ್ತೊಂದು ವರ್ಷ. ಮಣ್ಣು ಮಾಡುವುದನ್ನು ವಿಡಿಯೋದಲ್ಲಿ ನೋಡಿದೆ. ಗೋರಿಯ ಹತ್ತಿರ ನಾಲ್ಕು ಜನ, ಎಲ್ಲರೂ ಬಿಳಿ ಪ್ಲಾಸ್ಟಿಕ್ ಉಡುಪಿನಲ್ಲಿ. ಯಾರು ಹೆಂಡತಿ, ಯಾರು ಫಾದರ್ ಎಂದು ಮೊಬೈಲಿನಲ್ಲಿ ನನಗೆ ಗುರುತು ಸಿಗಲಿಲ್ಲ. ಯಾರೂ ಹಾಡಲಿಲ್ಲ.

ಆ ನಲವತ್ತಮೂರರಲ್ಲಿ ಆರು ಜನರಿಗೆ ಬಂತು. ಆರೂ ಜನ ಎಡಗಡೆ ಕೂತವರು. ನಾನು ರಿಜಿಸ್ಟರ್ ಬಿಚ್ಚಿ ಒಬ್ಬೊಬ್ಬರು ಕೂತ ಜಾಗವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅದು ಕಿಟಕಿಯಿಂದಲೇ ಆಯಿತೇ, ಹಾಲಿನ ಸಾಲಿನಲ್ಲಿ, ಲಿಫ್ಟಿನಲ್ಲಿ ಬಂತೇ, ಯಾವ ಡಾಕ್ಟರೂ ಹೇಳಲಾರರು. ನನಗೂ ಗೊತ್ತಾಗುವುದಿಲ್ಲ, ಸಾಯುವ ತನಕ. ಇನ್ನುಳಿದವರೆಲ್ಲ ಹುಷಾರಾಗಿದ್ದಾರೆ. ಅಮ್ಮನನ್ನು ಹತ್ತೊಂಬತ್ತಕ್ಕೆ ಮನೆಗೆ ತಂದೆವು, ನೇರ ನಮ್ಮ ಮನೆಗೇ. ಎಂಟು ಕೆಜಿ ಇಳಿದಿದ್ದಾರೆ. ಬಾತ್‌ರೂಮಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬರುತ್ತದೆ.

ಮೊನ್ನೆ ಅವರ ತಲೆ ಬಾಚುವಾಗ ಹೇಳಿಬಿಟ್ಟೆ. "ಬಾಯಿ, ಆ ದಿನ ಕಿಟಕಿ ಮುಚ್ಚಿದ್ದು ನಾನು."

"ನನಗೆ ಕಣ್ಣಿಲ್ವಾ? ನನಗಾಗಿ ಮುಚ್ಚಿದೆ" ಎಂದರು. ಆಮೇಲೆ, "ಅದಕ್ಕೇ ನನಗೆ ನಿದ್ರೆ ಬರುವುದಿಲ್ಲ ಮಗಾ. ನಾನು ಕೆಮ್ಮದೆ ಇರುತ್ತಿದ್ದರೆ ಆ ಹುಡುಗ..." ಎಂದು ಗೋಡೆಗೆ ಮುಖ ತಿರುಗಿಸಿದರು.

ನಾವಿಬ್ಬರೂ ಒಂದೇ ಭಾರವನ್ನು ಬೇರೆ ಬೇರೆ ಕೋಣೆಯಲ್ಲಿ ಹೊತ್ತುಕೊಂಡಿದ್ದೆವು ಎಂದು ಅವತ್ತು ತಿಳಿಯಿತು. ತಪ್ಪು ನಿಮ್ಮದಲ್ಲ, ಬಾಗಿಲಲ್ಲಿ ನಿಂತವಳು ನಾನು ಎಂದೆ. ಅವರು ಒಪ್ಪಲಿಲ್ಲ. ನೀನಾದರೂ ಅವರಿಗೆ ಹೇಳು ಐರಿನ್. ನನ್ನನ್ನು ಎಷ್ಟು ಬೇಕಾದರೂ ಬೈ, ಅವರಿಗೆ ಮಾತ್ರ ಹೇಳು.

ನಿನ್ನೆ ಫಾದರ್‌ಗೂ ಹೇಳಿದೆ. ಇನ್ನು ಉಳಿದದ್ದು ಆಗ್ನೆಲ್‌ನ ಹೆಂಡತಿ ಜೆನಿಟಾ. ಹೇಳಲೇಬೇಕೆಂದು ಇಲ್ಲ, ಹೇಳಿದರೆ ಅವಳ ದುಃಖ ಕಡಿಮೆಯಾಗುವುದೂ ಇಲ್ಲ ಎಂದರು ಫಾದರ್. ಬೆಳಿಗ್ಗೆ ಜೆನಿಟಾಳ ಬಿಲ್ಡಿಂಗಿನ ಕೆಳಗೆ ಹೋಗಿ ನಿಂತೆ. ಮೂರನೇ ಮಹಡಿಯಲ್ಲಿ ಆಗ್ನೆಲ್‌ನ ಅಂಗಿಗಳನ್ನು ಒಣಗಲು ಹಾಕಿದ್ದರು. ಹತ್ತಲು ಧೈರ್ಯ ಬರಲಿಲ್ಲ, ವಾಪಸು ಬಂದೆ. ಈ ಕಾಗದವನ್ನು ಸ್ಪೀಡ್ ಪೋಸ್ಟಿಗೆ ಹಾಕಿ ಮತ್ತೆ ಹೋಗುತ್ತೇನೆ. ನಿನಗೆ ಬರೆದ ಮೇಲೆ ಅವಳಿಗೆ ಹೇಳಬಲ್ಲೆ ಎಂದುಕೊಂಡಿದ್ದೆ, ಆದರೆ ಮೊದಲ ಮಾತು ಯಾವುದೆಂದು ಇನ್ನೂ ತಿಳಿಯುತ್ತಿಲ್ಲ.

ಕಾಗದ ತಲುಪಿದ ಮೇಲೆ ಅಮ್ಮನ ಫೋನಿಗೇ ಮಾಡು. ಅದು ಸರಿಯಾಗಿಯೇ ಇದೆ.

ನಿನ್ನ ಸಿಟ್ಟಿಗೂ ಸಿದ್ಧಳಾದ,
ರತ್ನಾವತಿ

ಮರೆತದ್ದಲ್ಲ, ಬರೆಯಲು ಹೆದರಿ ಕೊನೆಗೆ ಉಳಿಸಿದ್ದು: ಸೆಂಟರಿನವರು ರಕ್ತಸಂಬಂಧಿ ಯಾರಾದರೂ ಸಹಿ ಹಾಕಬೇಕು ಎಂದರು. ಆಧಾರ್ ನೋಡುವ ಪುರಸೊತ್ತು ಯಾರಿಗೂ ಇರಲಿಲ್ಲ. ನಾನು ಐರಿನ್ ಎಂದು ಬರೆದೆ, ಸಂಬಂಧ ಎಂಬಲ್ಲಿ ಮಗಳು. ಐದನೆಯ ದಿನ ಡಾಕ್ಟರ್ ಫೋನ್ ಮಾಡಿ, "ಐರಿನ್‌ಜೀ, ಗಂಟಲಿಗೆ ನಳಿಗೆ ಹಾಕಿ ವೆಂಟಿಲೇಟರಿನಲ್ಲಿ ಇಡಬೇಕಾಗಬಹುದು, ಈ ವಯಸ್ಸಿನಲ್ಲಿ ಹಾಗೆ ಇಟ್ಟವರು ವಾಪಸು ಬರುವುದು ಕಡಿಮೆ, ಬೇಗ ಹೇಳಿ" ಎಂದರು. ಹಾಕಿ ಎಂದೆ. ನಿನ್ನ ಹೆಸರಿನಲ್ಲಿ, ನಿನ್ನನ್ನು ಕೇಳದೆ. ಅದಾಗಿ ಒಂದು ಗಂಟೆಯೂ ಆಗಿರಲಿಲ್ಲ, ನೀನು ಫೋನ್ ಮಾಡಿ ಅಮ್ಮ ಊಟ ಮಾಡಿದರಾ ಎಂದು ಕೇಳಿದೆ. ಮಾಡಿದರು ಎಂದೆ. ಸಂಜೆಗೆ ಆಕ್ಸಿಜನ್ ತಾನಾಗಿಯೇ ಏರಿತು, ನಳಿಗೆ ಬೇಕಾಗಲಿಲ್ಲ. ಇದು ಅಮ್ಮನಿಗೂ ಗೊತ್ತಿಲ್ಲ.