ಅಪ್ಪನ ತಕರಾರು

ಹಗರಿಬೊಮ್ಮನಹಳ್ಳಿ,
ಸೋಮವಾರ

ಪ್ರೀತಿಯ ಅಕ್ಕಾ,

ಫೋನಿನಲ್ಲಾದರೆ ಅತ್ತುಬಿಡುತ್ತೇನೆಂದು ಬರೆಯುತ್ತಿದ್ದೇನೆ. ನಿನಗೆ ಪಾಸ್ಟರ್ ದೀಕ್ಷೆ ಕೊಡುವ ಮುನ್ನ ನಮ್ಮ ಚರ್ಚಿನ ಸಭೆಯಲ್ಲಿ ಓದಬೇಕಾದ ಬಿಷಪ್ಪರ ಪ್ರಕಟಣೆಯನ್ನು ನಿನ್ನೆ ನಾನೇ ಓದಬೇಕಾಯಿತು. ಸೆಕ್ರೆಟರಿ ಕನ್ನಡಕ ಮರೆತು ಬಂದಿದ್ದರು. "ನೀ ಎಂ.ಎ. ಕನ್ನಡ ಅಲ್ಲೇನವ್ವಾ, ಓದು" ಎಂದು ಕಾಗದ ಕೈಗಿಟ್ಟರು.

"ಕೃಪಾವತಿಯವರ ದೀಕ್ಷೆಗೆ ಆಕ್ಷೇಪಣೆ ಇರುವವರು ಎದ್ದು ತಿಳಿಸಬೇಕು" ಎಂಬ ಕೊನೆಯ ಸಾಲಿಗೆ ಬರುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ. ಆಗ ಅಪ್ಪ ಎದ್ದರು. "ಪಾಸ್ಟರ್ ಆಗೋದಿದ್ರ ನನ್ನ ಹೆಸರು ಎತ್ತಬ್ಯಾಡ" ಎಂದು ನಾಲ್ಕು ವರ್ಷ ನಿನ್ನೊಡನೆ ಮಾತು ಬಿಟ್ಟ ಅಪ್ಪ. ಒಬ್ಬರು ಆಕ್ಷೇಪಿಸಿದರೂ ದೀಕ್ಷೆ ನಿಲ್ಲುತ್ತದೆಂದು ಎಲ್ಲರಿಗೂ ಗೊತ್ತಿತ್ತು.

"ನಂದೊಂದು ತಕರಾರು ಐತ್ರಿ" ಎಂದರು. "ಅದರಾಗ ತಂದಿ ಹೆಸರು ಎಲ್ಲೈತಿ?"

ಅವರ ಆ ಮಾತಿಗೆ ಕಟ್ಟುಬಿದ್ದೇ ನೀನು ದೀಕ್ಷೆಯ ಅರ್ಜಿಯಲ್ಲಿ ಆ ಹೆಸರು ಬರೆದಿರಲಿಲ್ಲ.

"ಸಮಾಧಾನಪ್ಪನ ಮಗಳು ಅಂತ ಸೇರಿಸಿ ಇನ್ನೊಮ್ಮಿ ಓದು. ಗಟ್ಟಿಯಾಗಿ ಓದು, ಹಿಂದಿನೋರಿಗೂ ಕೇಳ್ಬೇಕು."

ಓದಿದೆ, ಅಕ್ಕಾ. ಅಷ್ಟು ಜೋರಾಗಿ ನಾನು ಎಂದೂ ಮಾತಾಡಿದವಳಲ್ಲ. ಮತ್ತೆ ಯಾರೂ ಏಳಲಿಲ್ಲ. "ಆಕ್ಷೇಪಣೆ ಇಲ್ಲ" ಎಂದು ಸಹಿಯಾದ ಕಾಗದ ಇಂದು ಬೆಳಿಗ್ಗೆ ಬಿಷಪ್ಪರ ಆಫೀಸಿಗೆ ಹೋಯಿತು.

ನಿನ್ನ ಬಿಳಿ ನಿಲುವಂಗಿಯ ಅಳತೆ ಬೇಗ ಕಳಿಸು. ಬಟ್ಟೆ ಆಗಲೇ ಮನೆಗೆ ಬಂದಿದೆ. ಅಳತೆಯನ್ನು ನನಗಲ್ಲ, ಅಪ್ಪನ ನಂಬರಿಗೇ ಕಳಿಸಬೇಕಂತೆ.

ನಿನ್ನ ತಂಗಿ,
ಕರುಣಾ