ಖಾರದೆಣ್ಣೆ ಹಾಕದ ಬಟ್ಟಲು

ಹಾವೇರಿ
೨೩ ಜನವರಿ ೨೦೨೫

ಪ್ರೀತಿಯ ಕೈಸರ ಆಪಾ,

ಸಲಾಮ್. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ. ಮನೆಯೊಳಗೆ ಕೂತರೂ ನಿನಗೆ ಸೀನು ನಿಂತಿರಲಿಕ್ಕಿಲ್ಲ. ಅಗಡಿಯ ಮಹಮ್ಮದಗೌಸ ಮಾಸ್ತರರ ಜೊತೆ ನನ್ನ ನಿಕಾಹ್ ಮಾತು ನೀನು ಎತ್ತಿದಾಗಲೆಲ್ಲ ಫೋನಿನಲ್ಲಿ ತಪ್ಪಿಸಿಕೊಂಡೆ. ನಿನ್ನ ಪಕ್ಕದಲ್ಲಿ ಭಾವ ಇರುತ್ತಾರೆ. ಇದು ಎಲ್ಲರ ಕಿವಿಗೆ ಬೀಳುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಓದಿ ನಿನ್ನಲ್ಲೇ ಇಟ್ಟುಕೋ.

ರಾಣೆಬೆನ್ನೂರಿನಲ್ಲಿ, ನಾನು ಕೆಲಸ ಮಾಡುವ ಬೀಜದ ಕಂಪನಿಯಿಂದ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ, ಜಾವೇದ ಎಂಬವನು ಜಪಾನಿ ನೂಡಲ್ಸ್ ಅಂಗಡಿ ತೆಗೆದಿದ್ದಾನೆ. ಗೋವಾದಲ್ಲಿ ಕಲಿತು ಬಂದವನು. ಉದ್ದನೆಯ ಕಟ್ಟೆ, ಈಚೆ ಸಾಲು ಸ್ಟೂಲು, ಆಚೆ ಅವನ ಒಲೆ. ಕೋಳಿ ಎಲುಬನ್ನು ಬೆಳಗಿನಿಂದ ಕುದಿಸಿದ ರಸ, ಅದರಲ್ಲಿ ನೂಡಲ್ಸ್, ಸೀಳಿದ ಮೊಟ್ಟೆ, ಉಳ್ಳಾಗಡ್ಡಿ ತಪ್ಪಲು, ಮೇಲೆ ಬ್ಯಾಡಗಿ ಮೆಣಸಿನಕಾಯಿಯ ಕೆಂಪೆಣ್ಣೆ. ರಾಮೆನ್ ಅನ್ನುತ್ತಾರೆ. ಎರಡೂ ಕೈಯಲ್ಲಿ ಬಟ್ಟಲು ಹಿಡಿದರೆ ಚಳಿ ಬಿಟ್ಟುಹೋಗುತ್ತದೆ.

ಹೋದ ವಾರ ಮಂಗಳವಾರ ಮಧ್ಯಾಹ್ನ ಒಬ್ಬಳೇ ಹೋದೆ. ಬೇರೆ ಗಿರಾಕಿ ಇರಲಿಲ್ಲ. ಜಾವೇದ ನನ್ನ ಮುಂದೆ ಬಟ್ಟಲಿಟ್ಟು, ಪಕ್ಕದ ಖಾಲಿ ಸ್ಟೂಲಿನ ಮುಂದೆ ಇನ್ನೊಂದಿಟ್ಟ.

"ನಾ ಒಂದ ಹೇಳಿದ್ದೆ," ಅಂದೆ.

"ಇದು ಅವ್ರದರಿ ಅಕ್ಕಾರ, ನಿಮ್ಮ ಜೋಡಿ ಬಂದವ್ರದು. ಖಾರದೆಣ್ಣಿ ಬ್ಯಾಡ ಅಂದ್ರಲ್ಲ, ಹಾಕಿಲ್ಲ."

"ನನ್ನ ಜೋಡಿ ಯಾರ ಬಂದಾರ?"

ಅವನು ಸ್ಟೂಲು ನೋಡಿದ, ಬಾಗಿಲು ನೋಡಿದ. "ಈಗ ಇಲ್ಲೇ ಇದ್ರಲ್ರಿ. ಕೈ ತೊಳ್ಯಾಕ ಹೋಗಿರಬೇಕು," ಎಂದು ಒಲೆಯ ಕಡೆ ತಿರುಗಿದ.

ಆಪಾ, ನಿನಗೆ ನೆನಪಿದೆಯಲ್ಲ, ಗುತ್ತಲದಿಂದ ಬ್ಯಾಡಗಿಗೆ ದಿನವೂ ಟೆಂಪೊದಲ್ಲಿ ಮೆಣಸಿನಕಾಯಿ ಚೀಲ ಸಾಗಿಸುತ್ತಿದ್ದರೂ ನನ್ನ ಗಂಡ ಅಸ್ಲಮ್‌ಗೆ ಖಾರ ಆಗುತ್ತಿರಲಿಲ್ಲ. ಒಂದು ತುತ್ತಿಗೇ ಬಿಕ್ಕಳಿಕೆ. ನಾಲ್ಕು ವರ್ಷದ ಹಿಂದೆ, ಆ ಮಳೆಗಾಲ, ಹೊಳೆಯ ದಂಡೆಯಲ್ಲಿ ಟೆಂಪೊ ಸಿಕ್ಕಿತು, ಅವರು ಸಿಗಲಿಲ್ಲ. ನೀವೆಲ್ಲ ಹೊಳೆ ಒಯ್ದಿತು ಅಂದಿರಿ. ನಾನು ಮಾತ್ರ, ಆ ಬೆಳಗಿನ ಜಗಳಕ್ಕೆ ನನ್ನ ಮೇಲೆ ಸಿಟ್ಟಾಗಿ ಎಲ್ಲೋ ಹೋಗಿದ್ದಾರೆ, ಸಿಟ್ಟಿಳಿದರೆ ಬರುತ್ತಾರೆ ಎಂದು ದಾರಿ ಕಾಯ್ದೆ.

ಹಾಗಾಗಿ ಆ ಹೊತ್ತು ನನಗೆ ಹೆದರಿಕೆಯಾಗಲಿಲ್ಲ, ಖುಷಿಯಾಯಿತು. ಬಂದೇಬಿಟ್ಟರು ಅನ್ನಿಸಿತು. ಕೈ ತೊಳೆಯುವ ಜಾಗಕ್ಕೆ ಓಡಿದೆ. ಯಾರೂ ಇಲ್ಲ, ನಲ್ಲಿಯ ಕೆಳಗಿನ ತೊಟ್ಟಿ ಒಣಗಿತ್ತು. ಬೀದಿಗೆ ಬಂದೆ. ಆಟೋಗಳು, ಬಿಸಿಲು, ಅಷ್ಟೇ. ತಿರುಗಿ ಬಂದಾಗ ಆ ಬಟ್ಟಲು ಅರ್ಧ ಇಳಿದಿತ್ತು. ತಪ್ಪಲನ್ನೆಲ್ಲ ಅಂಚಿಗೆ ಸರಿಸಲಾಗಿತ್ತು, ಅವರು ನನ್ನ ಅಡುಗೆಯಲ್ಲಿ ಸರಿಸುತ್ತಿದ್ದ ಹಾಗೆಯೇ. ಜಾವೇದ ಬೆನ್ನು ಮಾಡಿ ರಸ ಸೋಸುತ್ತಿದ್ದ.

ಏನು ಮಾಡಬೇಕೋ ತಿಳಿಯದೆ ಕೂತು ಉಣ್ಣತೊಡಗಿದೆ. ನಾನು ನೂಡಲ್ಸ್ ಎಳೆದುಕೊಂಡಾಗ ಪಕ್ಕದಲ್ಲೂ ಸುರ್ ಎಂದಿತು. ನಾನು ನಿಲ್ಲಿಸಿದೆ. ಅದು ನಿಲ್ಲಲಿಲ್ಲ. ಎಡಭುಜಕ್ಕೆ ತಂಪು ಹತ್ತಿತು, ಪಕ್ಕದಲ್ಲಿ ಒದ್ದೆ ಬಟ್ಟೆ ಒಣಹಾಕಿದಂತೆ. ತಲೆ ತಿರುಗಿಸುವ ಧೈರ್ಯ ಬರಲಿಲ್ಲ.

"ಸಿಟ್ಟ ಇಳೀತೇನ್ರಿ?" ಎಂದು ಮೆಲ್ಲಗೆ ಕೇಳಿದೆ.

ಸದ್ದು ನಿಂತಿತು.

ಆಮೇಲೆ ನೋಡಿದರೆ ಬಟ್ಟಲು ಖಾಲಿ. ತಳದಲ್ಲಿ ನುಣ್ಣನೆಯ ಹೊಳೆಮರಳು. ಬಟ್ಟಲು ಎತ್ತಿದ ಜಾವೇದನ ಮುಖ ಬಿಳಿಚಿತು. "ಸೋಸಿದ ನೀರ ಹಾಕ್ತೇನ್ರಿ ಅಕ್ಕಾರ, ಖರೇನ," ಅಂದ. ನಿಮ್ಮ ತಪ್ಪಲ್ಲ ಎಂದು ಹೇಳಿ ನನ್ನ ಪಾಲಿನದನ್ನು ಪೂರ್ತಿ ಉಂಡೆ. ತಣ್ಣಗಾಗಿತ್ತು.

ಬದುಕಿರುವವರು ಹಾಗೆ ಬಂದು ಹೋಗುವುದಿಲ್ಲ ಆಪಾ. ಮನೆಗೆ ಬಂದು, ತೀರಿಹೋದವರಿಗೆ ಓದುವ ಫಾತಿಹಾವನ್ನು ಮೊದಲ ಸಲ ಅವರ ಹೆಸರಿನಲ್ಲಿ ಓದಿದೆ. ಇನ್ನು ನಾನು ಯಾರ ದಾರಿಯನ್ನೂ ಕಾಯುವುದಿಲ್ಲ. ಮಾಸ್ತರರು ಒಳ್ಳೆಯವರು, ಇಷ್ಟು ದಿನ ಒಂದು ಮಾತೂ ಒತ್ತಾಯ ಮಾಡದೆ ತಾಳಿಕೊಂಡರು. ನಾನು ಒಪ್ಪಿದ್ದೇನೆಂದು ತಿಳಿಸು.

ನಿನ್ನ ತಂಗಿ,
ಮುಸರತ

ತಾ.ಕ.: ಈ ಮಂಗಳವಾರವೂ ಹೋಗಿದ್ದೆ. ಎರಡು ಬಟ್ಟಲು ನಾನೇ ಹೇಳಿದೆ, ಒಂದಕ್ಕೆ ಖಾರದೆಣ್ಣೆ ಬೇಡ ಎಂದು. ನಿಕಾಹ್ ಆದ ಮೇಲೂ ಆ ಮಧ್ಯಾಹ್ನದ ಊಟ ಅಲ್ಲೇ ಎಂದು ಮಾಸ್ತರರಿಗೆ ಮೊದಲೇ ಹೇಳಿಬಿಡು. ಕೇಳಿದರೆ, ಒಬ್ಬಳೇ ಹೋಗುತ್ತಾಳೆ ಅನ್ನು. ಹಾಗೆಯೇ ಅನ್ನು.