ಗೇಟುಮನೆಯ ಮಣಿ

ಅಪ್ಪಾ,

ನಿನ್ನೆ ನಿನ್ನ ಮೊಮ್ಮಗಳು ಅರ್ಚನಾ ನನ್ನನ್ನು ಸೇಲಂ ಕಡೆಯ ರೈಲ್ವೆ ಮ್ಯೂಸಿಯಂಗೆ ಕರೆದುಕೊಂಡು ಹೋಗಿದ್ದಳು. ನಲ್ಲಂಪಳ್ಳಿಯ ನಮ್ಮ ರೈಲ್ವೆ ಗೇಟುಮನೆಯಲ್ಲಿ ರೈಲು ಬರುವ ಮುನ್ನ ಗಂಟೆ ಬಾರಿಸುತ್ತಿದ್ದ ಮಣಿ ಫೋನು ಅಲ್ಲಿನ ಗೋಡೆಯಲ್ಲಿತ್ತು. ಆಯುಧಪೂಜೆಗೆ ಅಮ್ಮ ಇಡುತ್ತಿದ್ದ ಕುಂಕುಮದ ಕಲೆ ಮರಕ್ಕೆ ಇನ್ನೂ ಅಂಟಿಕೊಂಡಿತ್ತು. ನಾನು ಕೈಮುಗಿದೆ.

ಅಲ್ಲಿನ ಕಾವಲಿನ ಧನಶೇಖರ್ ನಕ್ಕ. “ಇದು ಸಾಮಿ ಅಲ್ಲಮ್ಮಾ, ಬರೀ ಫೋನು. ವೈರ್ ಕಟ್ ಆಗೈತೆ, ಇನ್ನು ಹೊಡೆಯಾಕಿಲ್ಲ.”

ಹೊರಗೆ ಹಳೇ ಇಂಜಿನ್ನಿನ ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆವು. ಮೊದಲ ತುತ್ತು ಎತ್ತುವಷ್ಟರಲ್ಲಿ ಒಳಗೆ ಮಣಿ ಹೊಡೆಯಿತು. ನಾನು ಅನ್ನದ ಮೇಲೆ ಮುಚ್ಚಳ ಹಾಕಿದೆ.

“ಏನಮ್ಮಾ, ಸಾಪಾಡು ಯಾಕ್ ಮುಚ್ಚಿದೆ?” ಅರ್ಚನಾ ಕೇಳಿದಳು.

“ಮಣಿ ಹೊಡೀತಲ್ಲೇ.”

“ಎಲ್ಲಿ? ನಂಗೇನೂ ಕೇಳಿಸ್ಲಿಲ್ಲ. ಸುಮ್ನೆ ತಿನ್ನು, ಹೊಟ್ಟೆ ಪಸಿ ತಲೆಗೇರೈತೆ ನಿಂಗೆ.”

ಅವಳಿಗೆ ಗೊತ್ತಿಲ್ಲ. ಮಣಿ ಹೊಡೆದರೆ ನೀನು ತಟ್ಟೆ ಬಿಟ್ಟು ಗೇಟು ಹಾಕಲು ಓಡುತ್ತಿದ್ದೆ. ಅಮ್ಮ ನಿನ್ನ ಅನ್ನದ ಮೇಲೆ ಇನ್ನೊಂದು ತಟ್ಟೆ ಕವುಚುತ್ತಿದ್ದಳು. ನೀನು ಬರುವ ತನಕ ನಾವೂ ಉಣ್ಣುತ್ತಿರಲಿಲ್ಲ. ಕಡೆಯ ದಿನವೂ ಹಾಗೆಯೇ ಕಾದೆವು. ನೀನು ಬರಲಿಲ್ಲ; ಸಂಜೆ ಹಳಿ ಕೆಲಸದವರು ಬಂದು, ಹಳಿ ಮೇಲೆ ಸಿಕ್ಕಿದ ನಿನ್ನ ಬಾವುಟವನ್ನು ಅಮ್ಮನ ಕೈಗೆ ಕೊಟ್ಟರು. ಇನ್ನೊಂದು ತುತ್ತು ತಿಂದು ಹೋಗು ಎಂದು ಅವತ್ತು ನಮ್ಮಲ್ಲಿ ಯಾರೂ ಹೇಳಲಿಲ್ಲ.

ಬುತ್ತಿಯನ್ನು ಹಾಗೇ ಮನೆಗೆ ತಂದೆ. ದೇವರ ಮುಂದಿಟ್ಟು ದೀಪ ಹಚ್ಚಿದ್ದೇನೆ. ಗೇಟು ಹಾಕಿ ಆಗಿದ್ದರೆ ಬಾ ಅಪ್ಪಾ. ಅನ್ನ ಇನ್ನೂ ಮುಚ್ಚೇ ಐತೆ.